ಒಂದಡಿ ದಾರದ ಓಟ

ಮಕ್ಕಳೇ, ಕಳೆದ ವಾರ ಬಮ್ಮಿಗಟ್ಟಿಯಲ್ಲಿ ಶಾಲೆ ಬಿಟ್ಟ ಮೇಲೆ ಹುಡುಗರೆಲ್ಲ ನಮ್ಮ ಮನೆ ಕಟ್ಟೆಗೆ ಬಂದು ಕುಳಿತರು. ಕ್ರೀಡಾಕೂಟ ಹತ್ತಿರ ಬಂದಿತ್ತು. ಎಲ್ಲರ ಬಾಯಲ್ಲೂ ಓಟದ್ದೇ ಮಾತು. ನಾನು ರಕ್ಷಿತಾ ರಾಜು ಎಂಬ ಓಟಗಾರ್ತಿಯ ಹೆಸರು ಹೇಳಿ, ಆಕೆಗೆ ಕಣ್ಣು ಕಾಣಿಸುವುದಿಲ್ಲ ಎಂದೆ. ಮೊಮ್ಮಗಳು ಥಟ್ಟನೆ ಕೇಳಿದಳು:

“ಅಜ್ಜಾ, ಕಣ್ಣ ಕಾಣದಾಕಿ ಹ್ಯಾಂಗ ಓಡ್ತಾಳ? ಎಡವಿ ಬೀಳೂದಿಲ್ಲೇನು?”

ಕೇಳಬೇಕಾದ ಪ್ರಶ್ನೆಯೇ. ರಕ್ಷಿತಾ ಕೂಡ ಮೊದಲು ಇದನ್ನೇ ಕೇಳಿಕೊಂಡಿದ್ದಳು.

ಆಕೆ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯ ಹುಡುಗಿ. ಹುಟ್ಟಿನಿಂದಲೇ ಕಣ್ಣಿಲ್ಲ. ಎಳವೆಯಲ್ಲೇ ತಾಯಿ, ಆಮೇಲೆ ತಂದೆ ತೀರಿಕೊಂಡರು. ಸಾಕಿದವಳು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳದು, ಮಾತು ಬಾರದು. ಸ್ವಲ್ಪ ಯೋಚಿಸಿ: ಅಜ್ಜಿ ಕೈಸನ್ನೆ ಮಾಡಿದರೆ ಮೊಮ್ಮಗಳಿಗೆ ಕಾಣದು, ಮೊಮ್ಮಗಳು ಕೂಗಿದರೆ ಅಜ್ಜಿಗೆ ಕೇಳದು. ಆದರೂ ಆ ಮನೆಯಲ್ಲಿ ಮಗು ಬೆಳೆಯಿತು. ಊರಿನವರು “ಕುರುಡಿ, ಇವಳಿಂದ ಏನಾದೀತು” ಎಂದು ಆಡಿಕೊಂಡರು. ಅಜ್ಜಿ ಮಾತ್ರ ಕೈ ಬಿಡಲಿಲ್ಲ.

ಮುಂದೆ ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆ ಸೇರಿದಳು. ಅವಳಿಗೆ 13 ವರ್ಷವಾಗಿದ್ದಾಗ ದೈಹಿಕ ಶಿಕ್ಷಕರು ‘ನೀನು ಓಡಬಲ್ಲೆ’ ಎಂದರು. ದಾರಿಯೇ ಕಾಣದವಳು ಓಡುವುದೆಂತು? ಜೊತೆಗೊಬ್ಬ ಮಾರ್ಗದರ್ಶಿ ಓಟಗಾರ ಇರುತ್ತಾನೆ ಎಂದು ಅವರೇ ತಿಳಿಸಿಕೊಟ್ಟರು. ಇಬ್ಬರೂ ಒಂದಡಿಗಿಂತ ಉದ್ದವಿರದ ಒಂದು ದಾರವನ್ನು ಕೈಯಲ್ಲಿ ಹಿಡಿದು, ಹೆಜ್ಜೆಗೆ ಹೆಜ್ಜೆ, ತೋಳಿಗೆ ತೋಳು ಕೂಡಿಸಿ ಓಡಬೇಕು. ಮಾರ್ಗದರ್ಶಿ ತಿರುವು ಬಂತೆಂದು ಹೇಳಬಹುದು, ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಅವನು ಮೊದಲು ದಾಟಿದರೆ ಓಟವೇ ರದ್ದು!

2016ರಲ್ಲಿ ರಾಹುಲ್ ಬಾಲಕೃಷ್ಣ ಅವರ ಕಣ್ಣಿಗೆ ಈ ಹುಡುಗಿ ಬಿದ್ದಳು. ಅವರೂ 1500 ಮೀಟರ್ ಓಟಗಾರರೇ. ಅವಳಿಗೆ ಗುರುವಾದರು, ಜೊತೆಗಾರರಾದರು. ತರಬೇತಿಗಾಗಿ ರಕ್ಷಿತಾ ಬೆಂಗಳೂರಿಗೆ ಬಂದಳು.

1500 ಮೀಟರ್ ಎಂದರೆ 400 ಮೀಟರ್ ಮೈದಾನವನ್ನು ಮೂರೂ ಮುಕ್ಕಾಲು ಸುತ್ತು ಹಾಕುವುದು. ಮೊದಲ ಸುತ್ತಿಗೇ ದಮ್ಮು ತೀರಿಸಿಕೊಂಡರೆ ಕೊನೆಗೆ ಕಾಲು ಏಳದು; ಉಳಿಸಿಕೊಂಡೇ ಕುಳಿತರೆ ಬೇರೆಯವರು ಮುಂದೆ ಹೋಗುತ್ತಾರೆ. 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ, ಹದಿಹರೆಯದ ರಕ್ಷಿತಾ ಈ ಓಟವನ್ನು 5 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದಳು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. ಈ ಸಲ 5 ನಿಮಿಷ 21 ಸೆಕೆಂಡು. ಐದು ವರ್ಷದ ಬೆವರಿಗೆ ಸಿಕ್ಕಿದ್ದು 19 ಸೆಕೆಂಡು!

2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್. ಅಲ್ಲಿ ಲೋಕದ ಅತಿ ವೇಗದವರ ಜೊತೆ ಓಡಿದಳು. ಅಂತಿಮ ಸುತ್ತು ತಲುಪಲು ಆಗಲಿಲ್ಲ. ಆದರೆ ‘ಏನಾದೀತು’ ಎಂದಿದ್ದವರಿಗೆ ಉತ್ತರ ಸಿಕ್ಕಿತ್ತು.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕರವಸ್ತ್ರದ ಒಂದು ತುದಿ ನೀವು ಹಿಡಿದು ಇನ್ನೊಂದನ್ನು ಅಜ್ಜನಿಗೋ ಅಜ್ಜಿಗೋ ಕೊಟ್ಟು ಅಂಗಳ ಸುತ್ತಿ. ಓಡಬೇಡಿ, ನಡೆದರೆ ಸಾಕು. ಆಮೇಲೆ ಅದಲು ಬದಲು ಮಾಡಿಕೊಳ್ಳಿ.

ನಾನೂ ಮೊಮ್ಮಗಳೂ ಮಾಡಿ ನೋಡಿದೆವು. ನನ್ನ ಸರದಿ ಬಂದಾಗ ನಾಲ್ಕು ಹೆಜ್ಜೆಗೇ ಎದೆ ಡವಗುಟ್ಟಿತು. ಆಗ ಅವಳೆಂದಳು: “ಅಂಜಬ್ಯಾಡ ಅಜ್ಜಾ, ನಾ ಹಿಡದೀನಿ.”