ಬಿಚ್ಚಲಾಗದ ವಸ್ತು ಯಾರದ್ದು?

ಅಪ್ಪಯ್ಯನ ಫೋನು ರಿಂಗಾಗುತ್ತಲೇ ಇತ್ತು, ಎತ್ತಲು ಆಗುತ್ತಿರಲಿಲ್ಲ. ಹಿಂದಿನ ದಿನ ತೋಟದಲ್ಲಿ ಬಸಿಗಾಲುವೆ ದಾಟುವಾಗ ಅಂಗಿಯ ಜೇಬಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ನೋಡಲು ದೊಡ್ಡ ಪೆಟ್ಟೇನಲ್ಲ. ಒಂದು ಮೂಲೆಯಿಂದ ಜೇಡರ ಬಲೆಯ ಹಾಗೆ ಹಬ್ಬಿದ ಬಿರುಕು. ಆದರೆ ಟಚ್ ಸತ್ತಿತ್ತು. ಬೆಂಗಳೂರಿನಿಂದ ಅಕ್ಕ ಕರೆ ಮಾಡುತ್ತಿದ್ದಾಳೆ, ಅವಳ ಹೆಸರು ಕಾಣುತ್ತಿದೆ, ಹಸಿರು ಗುರುತನ್ನು ಎಷ್ಟು ಎಳೆದರೂ ಅಲುಗುತ್ತಿಲ್ಲ. ಒಳಗೆ ಎಲ್ಲವೂ ಸರಿಯಾಗಿದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ.

ನಮ್ಮ ನೆಮ್ಮಾರು ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ, ತುಂಗೆಯ ಮಗ್ಗುಲಲ್ಲಿದೆ. ಇಲ್ಲಿ ಮೊಬೈಲು ಮಾತಾಡುವುದಕ್ಕಷ್ಟೇ ಅಲ್ಲ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೆ. 2020ರಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಆ್ಯಪಿನಲ್ಲಿ ಸೇರಿಸುವ ವ್ಯವಸ್ಥೆ ಬಂತಲ್ಲ, ತೋಟದಲ್ಲಿ ನಿಂತು ಫೋಟೊ ತೆಗೆಯಬೇಕಾದದ್ದೂ ಅದರಲ್ಲೇ. ಅಡಿಕೆಯ ಧಾರಣೆ, ಗ್ಯಾಸ್ ಸಿಲಿಂಡರು, ಪಂಚಾಯಿತಿಯ ಸಂದೇಶ ಎಲ್ಲವೂ ಆ ಗಾಜಿನ ಹಿಂದಿವೆ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಬೇಕಾದರೆ ಶಿವಮೊಗ್ಗವೇ ಗತಿ. ಹೋಗಿ ಬರಲು ಒಂದು ದಿನ, ಅವರು 'ಬಿಟ್ಟು ಹೋಗಿ, ಪಾರ್ಟ್ ತರಿಸಬೇಕು' ಎಂದರೆ ಇನ್ನೊಂದು ದಿನ. ಫೋನಿನಲ್ಲೇ ಕೇಳಿದಾಗ ಅವರು ಹೇಳಿದ ಬೆಲೆ, ಆ ಫೋನನ್ನು ಈಗ ಮಾರಿದರೆ ಸಿಗುವ ಹಣಕ್ಕಿಂತ ಹೆಚ್ಚಿತ್ತು. 'ಹೊಸದೇ ತಗೊಳ್ಳಿ, ಅದೇ ಲಾಭ' ಎಂಬ ಸಲಹೆಯೂ ಜೊತೆಗೆ ಬಂತು.

ಆ ಸಲಹೆ ನನ್ನನ್ನು ಕಾಡಿತು. ದುಡ್ಡು ಕೊಟ್ಟು ಕೊಂಡದ್ದು ನಾವು, ರಸೀದಿ ನಮ್ಮ ಹೆಸರಿನಲ್ಲಿದೆ. ಆದರೂ ಮೇಲಿನ ಒಂದು ಗಾಜು ಒಡೆದರೆ ಇಡೀ ವಸ್ತುವನ್ನೇ ಬಿಡಬೇಕು ಎನ್ನುವುದಾದರೆ ಅದರ ಯಜಮಾನ ಯಾರು? ಹಂಚು ಒಡೆದರೆ ಹಂಚು ಬದಲಿಸುತ್ತೇವೆ, ಮನೆಯನ್ನಲ್ಲ. ಪಂಪಿನ ವಾಷರು ಹೋದರೆ ವಾಷರು ಹಾಕುತ್ತೇವೆ. ಬಿಚ್ಚಲು, ನೋಡಲು, ಸರಿಮಾಡಲು ಅವಕಾಶವಿಲ್ಲದ ವಸ್ತುವನ್ನು ನಾವು ಕೊಂಡಿರುವುದಿಲ್ಲ, ಕೆಡುವ ತನಕ ಬಳಸುವ ಅನುಮತಿಯನ್ನಷ್ಟೇ ಪಡೆದಿರುತ್ತೇವೆ ಎಂದು ನನಗೆ ಅನ್ನಿಸಿದ್ದು ಆಗ. ಹಾಗಾಗಿ ನಾನೇ ಬದಲಿಸುವುದೆಂದು ತೀರ್ಮಾನಿಸಿದೆ.

ಮೊದಲು ಮಾಡಿದ್ದು ಒಳಗಿನದನ್ನು ಉಳಿಸಿಕೊಳ್ಳುವ ಕೆಲಸ. ಇದು ಹೆಚ್ಚು ಜನರಿಗೆ ಗೊತ್ತಿಲ್ಲ: ಟಚ್ ಸತ್ತು ಚಿತ್ರ ಮಾತ್ರ ಕಾಣುತ್ತಿದ್ದರೆ, ಓಟಿಜಿ ಎಂಬ ಸಣ್ಣ ಕೊಂಡಿಯ ಮೂಲಕ ಕಂಪ್ಯೂಟರಿನ ಮೌಸನ್ನು ಫೋನಿಗೆ ಚುಚ್ಚಬಹುದು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಮೇಲೆ ಬಾಣ ಮೂಡುತ್ತದೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಮೌಸಿನಿಂದ ತಮ್ಮದೇ ಫೋನಿನ ಬೀಗ ತೆಗೆದರು. ಫೋಟೊಗಳು, ಫೋನ್ ನಂಬರುಗಳು, ಜಮೀನಿನ ಕಾಗದಪತ್ರಗಳ ಚಿತ್ರಗಳು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆವು.

ಡಿಸ್‌ಪ್ಲೇ ತರಿಸಿದೆ. ರಿಪೇರಿಯವರ ಭಾಷೆಯಲ್ಲಿ ಇದಕ್ಕೆ ಕಾಂಬೋ ಅಥವಾ ಫೋಲ್ಡರ್ ಎನ್ನುತ್ತಾರೆ: ಮೇಲಿನ ಗಾಜು, ಅದರಡಿ ಬೆರಳನ್ನು ಗುರುತಿಸುವ ಪದರ, ಅದರಡಿ ಚಿತ್ರ ಮೂಡಿಸುವ ಪದರ, ಮೂರನ್ನೂ ಪಾರದರ್ಶಕ ಅಂಟಿನಿಂದ ಬೆಸೆದ ಒಂದೇ ಹಲಗೆ. ಗಾಜು ಮಾತ್ರ ಒಡೆದಿದ್ದರೆ ಗಾಜನ್ನಷ್ಟೇ ಬೇರ್ಪಡಿಸಿ ಹಾಕಬಹುದು. ಆದರೆ ಅದಕ್ಕೆ ಗಾಳಿಗುಳ್ಳೆ ತೆಗೆಯುವ ಯಂತ್ರ ಬೇಕು, ಮನೆಯಲ್ಲಿ ಆಗುವುದಿಲ್ಲ. ಕಾಂಬೋದಲ್ಲೂ ಅಸಲಿ, ನಕಲು, ನಕಲಿನೊಳಗೆ ಎರಡು ಮೂರು ದರ್ಜೆ. ಓಎಲ್‌ಇಡಿ ಇದ್ದ ಫೋನಿಗೆ ಅಗ್ಗದ ಎಲ್‌ಸಿಡಿ ಹಾಕಿದರೆ ಬಣ್ಣ ಮಂಕಾಗುತ್ತದೆ, ಪರದೆಯ ಅಡಿಯಲ್ಲಿರುವ ಬೆರಳಚ್ಚು ಕೆಲಸ ಮಾಡುವುದಿಲ್ಲ. ಇದನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ.

ಫೋನಿನ ಬೆನ್ನು ಅಂಟಿನಿಂದ ಕೂತಿರುತ್ತದೆ, ಅಂಟು ಬಿಸಿಗೆ ಮೆತ್ತಗಾಗುತ್ತದೆ. ಅಂಗಡಿಯಲ್ಲಾದರೆ ಬಿಸಿಗಾಳಿಯ ಗನ್ ಇರುತ್ತದೆ. ನನ್ನ ಹತ್ತಿರ ಇದ್ದದ್ದು ಅಜ್ಜಿಯ ಮಂಡಿನೋವಿಗೆ ತಂದಿದ್ದ ರಬ್ಬರಿನ ಬಿಸಿನೀರಿನ ಚೀಲ. ಅದನ್ನು ಕೆಲವು ನಿಮಿಷ ಫೋನಿನ ಮೇಲಿಟ್ಟು, ಹಳೆಯ ಸಿಮ್ಮಿನ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನಲ್ಲಿ ತೂರಿಸಿ, ನಿಧಾನ ಸರಿಸುತ್ತ ಹೋದೆ. ತಣಿದರೆ ಮತ್ತೆ ಚೀಲ. ಲೋಹದ ಚಾಕು ಬಳಸಬಾರದು. ಒಳಗಿರುವ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಹೊಗೆ, ಬೆಂಕಿ ಎರಡೂ ನಿಜ. ಅದಕ್ಕೇ ಬಿಚ್ಚುವ ಮೊದಲು ಚಾರ್ಜನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸಿದ್ದೆ. ಬೆನ್ನು ಬಿಟ್ಟ ಮೇಲೆ ಸ್ಕ್ರೂಗಳು. ಅವು ಒಂದೇ ಉದ್ದದವಲ್ಲ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ಅಡಿಯ ಬೋರ್ಡೇ ಹಾಳಾಗಬಹುದು. ಅಡಿಕೆ ಹಾಳೆಯ ತಟ್ಟೆಯ ಮೇಲೆ ಫೋನಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಟ್ಟುಕೊಂಡೆ. ನಂತರ ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಡಿಸ್‌ಪ್ಲೇಯ ಸ್ಟ್ರಿಪ್ ಬಿಡಿಸಿದೆ. ಒಡೆದ ಗಾಜು ಚೂರುಚೂರಾಗಿ ಬಂತು. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬಾರದು. ಹೊಸದನ್ನು ಅಂಟಿಸುವ ಮುಂಚೆ ಸ್ಟ್ರಿಪ್ಪಿಗೆ ಜೋಡಿಸಿ, ಫೋನು ಆನ್ ಮಾಡಿ, ಒಂದು ಐಕಾನನ್ನು ಪರದೆಯ ಮೂಲೆ ಮೂಲೆಗೂ ಎಳೆದು ನೋಡಿದೆ. ಎಲ್ಲೂ ಕೈಬಿಡಲಿಲ್ಲ. ಅಂಟು ಹಚ್ಚಿ, ಕೂರಿಸಿ, ರಬ್ಬರ್ ಬ್ಯಾಂಡು ಸುತ್ತಿ ರಾತ್ರಿಯಿಡೀ ಬಿಟ್ಟೆ.

ಅಂಗಡಿಯ ಹುಡುಗ ಇದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಾನೆ. ನನಗೆ ಮಧ್ಯಾಹ್ನದ ಊಟದಿಂದ ರಾತ್ರಿಯ ಊಟದ ತನಕ ಹಿಡಿಯಿತು. ಹಾಗಿದ್ದ ಮೇಲೆ ಇದರಲ್ಲಿ ಅರ್ಥವೇನು, ಅವರವರ ಕೆಲಸ ಅವರವರು ಮಾಡಬೇಡವೇ ಎಂದು ಕೇಳುವವರಿದ್ದಾರೆ. ಗಟ್ಟಿ ಪ್ರಶ್ನೆ ಅದು. ಎಲ್ಲರೂ ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಕೈ ನಡುಗುವವರು, ಪುರುಸೊತ್ತಿಲ್ಲದವರು ಅಂಗಡಿಗೆ ಹೋಗಲಿ. ಆದರೆ ಮನೆಯಲ್ಲಿ ಬಿಚ್ಚಲು ಕೂತ ನನಗೆ ಬೇಕಾದದ್ದು ಏನು? ಸರಿಯಾದ ಬಿಡಿಭಾಗ, ನ್ಯಾಯವಾದ ಬೆಲೆ, ಯಾವ ಸ್ಕ್ರೂ ಎಲ್ಲಿ ಎಂದು ತೋರಿಸುವ ನಕ್ಷೆ. ಪೇಟೆಯ ಸಣ್ಣ ಅಂಗಡಿಯವನಿಗೆ ಬೇಕಾದದ್ದೂ ಅವೇ. ಕಂಪನಿ ಅವನಿಗೂ ಅವನ್ನು ಕೊಡುವುದಿಲ್ಲ. ನೋಡಿ ಕಲಿತು, ಸುಟ್ಟು ಕಲಿತು, ಹಳೆಯ ಫೋನುಗಳ ಹೆಣದಿಂದ ಭಾಗ ಕಿತ್ತು ಅವನು ನಮ್ಮ ತಾಲ್ಲೂಕುಗಳ ಫೋನುಗಳನ್ನು ಬದುಕಿಸಿದ್ದಾನೆ. ನನ್ನ ಹಕ್ಕು ಅವನ ಅನ್ನಕ್ಕೆ ಎದುರಾದದ್ದಲ್ಲ. ಎರಡಕ್ಕೂ ಒಂದೇ ಬೀಗ ಬಿದ್ದಿದೆ.

ಇನ್ನೊಂದು ಸಂಗತಿಯನ್ನು ನಾವು ಹಗುರವಾಗಿ ತೆಗೆದುಕೊಂಡಿದ್ದೇವೆ. ರಿಪೇರಿಗೆ ಕೊಡುವಾಗ ಪ್ಯಾಟರ್ನ್ ಲಾಕನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸುತ್ತಾರೆ. ಬ್ಯಾಂಕು, ಫೋಟೊ, ಮನೆಯ ಮಾತು ಎಲ್ಲವೂ ಎರಡು ದಿನ ಪರರ ಮೇಜಿನ ಮೇಲೆ. ಸ್ಯಾಮ್‌ಸಂಗ್ 2022ರಲ್ಲಿ, ಗೂಗಲ್ 2023ರಲ್ಲಿ ತಮ್ಮ ಕೆಲವು ಫೋನುಗಳಿಗೆ, ಒಳಗಿನದನ್ನು ಮುಚ್ಚಿಟ್ಟು ರಿಪೇರಿಗೆ ಕೊಡುವ ವ್ಯವಸ್ಥೆ ತಂದವು. ಒಳ್ಳೆಯದೇ. ಆದರೆ ಟಚ್ ಸತ್ತ ಫೋನಿನಲ್ಲಿ ಅದನ್ನು ಹಾಕುವುದು ಹೇಗೆ? ಹೆಣ್ಣುಮಕ್ಕಳು ಫೋನನ್ನು ರಿಪೇರಿಗೆ ಕೊಡಲು ಹಿಂಜರಿಯುವುದರ ಹಿಂದೆ ಇರುವುದು ಇದೇ ಭಯ. ಮನೆಯಲ್ಲಿ ಮಾಡಿಕೊಳ್ಳುವ ದಾರಿ ತೆರೆದಿದ್ದರೆ ಆ ಭಯಕ್ಕೆ ಒಂದು ಉತ್ತರವಾದರೂ ಇರುತ್ತದೆ.

ಕಂಪನಿಗಳಿಗೂ ಕಾರಣಗಳಿವೆ. ಅಂಟು ಹಾಕುವುದರಿಂದ ಫೋನು ತೆಳ್ಳಗಾಗುತ್ತದೆ, ನೀರು ಧೂಳು ಒಳಗಿಳಿಯುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಗುಣವಲ್ಲ. ಆದರೆ ನೆದರ್ಲೆಂಡ್ಸಿನ ಫೇರ್‌ಫೋನ್ 2021ರಲ್ಲಿ ತಂದ ಮಾದರಿಯಲ್ಲಿ ಪರದೆಯನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ತೆಗೆಯಬಹುದು, ಧೂಳಿಗೂ ಎರಚುವ ನೀರಿಗೂ ಅದು ತಡೆಯುತ್ತದೆ. ಮನಸ್ಸು ಮಾಡಿದರೆ ಸ್ವಲ್ಪ ಮಟ್ಟಿಗೆ ಎರಡೂ ಸಾಧ್ಯ ಎಂದಾಯಿತು. ಅಂಟನ್ನು ನಾನು ಒಪ್ಪಬಲ್ಲೆ. ಒಪ್ಪಲಾಗದ್ದು ತಂತ್ರಾಂಶದ ಬೀಗ. 2021ರಲ್ಲಿ ಐಫೋನ್ 13 ಬಂದಾಗ, ಇನ್ನೊಂದು ಐಫೋನಿನ ಅಸಲಿ ಪರದೆಯನ್ನೇ ತೆಗೆದು ಹಾಕಿದರೂ ಮುಖ ನೋಡಿ ಬೀಗ ತೆಗೆಯುವ ಸೌಲಭ್ಯ ನಿಂತುಹೋಗುತ್ತಿತ್ತು. ಪರದೆಯಲ್ಲಿದ್ದ ಒಂದು ಪುಟ್ಟ ಚಿಪ್ಪು ಆ ಒಂದು ಫೋನಿಗೇ ಜೋಡಿಯಾಗಿತ್ತು. ವಿರೋಧ ಜೋರಾದ ಮೇಲೆ ಆ್ಯಪಲ್ ಅದನ್ನು ಸಡಿಲಿಸಿತು. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇಂಥ ಜೋಡಿಬೀಗವನ್ನು ಕಾನೂನಿನಿಂದಲೇ ತಡೆಯಿತು. ಇದಕ್ಕೆ ನೀರಿನ ನೆಪವಿಲ್ಲ, ಧೂಳಿನ ನೆಪವಿಲ್ಲ. ಮಾರಿದ ಮೇಲೂ ವಸ್ತುವಿನ ಕಿವಿ ಹಿಡಿದುಕೊಂಡೇ ಇರುವ ಹಟ.

ಈ ಸೀಮೆಯವರಿಗೆ ಜ್ಞಾನವನ್ನು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂದು ಗೊತ್ತಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಅಡಿಕೆಗೆ ಒಗ್ಗಿಸಿದರು. ಮೊಹರು ಹಾಕಿದ ಡಬ್ಬಿಯಲ್ಲಿ ಅದು ಬರಲಿಲ್ಲ, ವಿಧಾನವಾಗಿ ಬಂತು: 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಹದ ಆಯಿತೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೇವೆ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಶಾಲೆಯ ಮೆಟ್ಟಿಲು ಹತ್ತದವರೂ ಈ ಪರೀಕ್ಷೆ ಮಾಡುತ್ತಾರೆ. ತಪ್ಪು ಮಾಡಿದವರು ಇರಲಿಲ್ಲವೇ? ಸುಣ್ಣ ಕಡಿಮೆಯಾಗಿ ಎಳೆಗಾಯಿ ಸುಟ್ಟುಕೊಂಡವರಿದ್ದಾರೆ. ತಪ್ಪುತ್ತಾರೆಂದು ಆ ವಿಧಾನವನ್ನು ಮುಚ್ಚಿಟ್ಟಿದ್ದರೆ ಮಲೆನಾಡಿನ ತೋಟಗಳ ಕತೆಯೇ ಬೇರೆ ಇರುತ್ತಿತ್ತು. 'ಜನಕ್ಕೆ ಅಪಾಯ, ಆದ್ದರಿಂದ ನಕ್ಷೆ ಕೊಡುವುದಿಲ್ಲ' ಎನ್ನುವ ಮಾತಿಗೆ ನನ್ನ ಉತ್ತರ ಈ ಕತ್ತಿಯ ಅಲಗು. ಅಪಾಯವಿದ್ದಲ್ಲಿ ಎಚ್ಚರಿಕೆಯನ್ನೂ ಸೇರಿಸಿ ಕೊಡಬೇಕು. ಮುಚ್ಚಿಟ್ಟಾಗ ಜನ ಬಿಚ್ಚುವುದು ನಿಲ್ಲುವುದಿಲ್ಲ, ಗೊತ್ತಿಲ್ಲದೆ ಬಿಚ್ಚುತ್ತಾರೆ, ಅಷ್ಟೆ.

ನಮ್ಮ ಸರ್ಕಾರ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿಲ್ಲ ಎನ್ನಲಾಗದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ವಸ್ತು, ವಾಹನ ಎಂಬ 4 ವಲಯಗಳ ಕಂಪನಿಗಳು ಅಲ್ಲಿ ಮಾಹಿತಿ ಕೊಡಬೇಕೆಂಬುದು ಉದ್ದೇಶ. 2024ರಲ್ಲಿ ನೇಮಿಸಿದ ಸಮಿತಿಯೊಂದು, ಫೋನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ 2025ರ ಮೇನಲ್ಲಿ ವರದಿ ಕೊಟ್ಟಿತು. ಫ್ರಾನ್ಸಿನಲ್ಲಿ ಅಂಥ ಅಂಕವನ್ನು ಬೆಲೆಯ ಪಕ್ಕದಲ್ಲಿ ತೋರಿಸಬೇಕೆಂಬ ನಿಯಮ 2021ರಲ್ಲೇ ಬಂದಿತ್ತು. ಯುರೋಪಿನ ಒಕ್ಕೂಟ ಇನ್ನೂ ಮುಂದೆ ಹೋಗಿದೆ: 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಡಿಸ್‌ಪ್ಲೇ ಕೂಡ ಅದರಲ್ಲಿ ಸೇರಿದೆ. ನಮಗೆ ಬೇಕಾದದ್ದು ಇಂಥ ಕಡ್ಡಾಯ. ಪೋರ್ಟಲಿನಲ್ಲಿ ಸರ್ವೀಸ್ ಸೆಂಟರಿನ ವಿಳಾಸ ಇದ್ದ ಮಾತ್ರಕ್ಕೆ ನೆಮ್ಮಾರಿನಿಂದ ಶಿವಮೊಗ್ಗ ಹತ್ತಿರವಾಗುವುದಿಲ್ಲ. ಮಹಾನಗರದವರಿಗೆ ಈ ಹಕ್ಕು ಅನುಕೂಲ. ಸರ್ವೀಸ್ ಸೆಂಟರಿನಿಂದ ದೂರ ಹೋದಷ್ಟೂ ಅದು ಅಗತ್ಯವಾಗುತ್ತ ಹೋಗುತ್ತದೆ. ಕಾನೂನು ಬರೆಯುವವರು ಈ ತುದಿಯಿಂದ ಅಳೆಯಬೇಕು.

ಅಪ್ಪಯ್ಯನ ಫೋನು ಈಗಲೂ ನಡೆಯುತ್ತಿದೆ. ಬಣ್ಣ ಮೊದಲಿನಷ್ಟು ಗಾಢವಾಗಿಲ್ಲ. ಆಷಾಢದ ಮಳೆಯಲ್ಲಿ ಕ್ಯಾಮೆರಾದ ಗಾಜಿನೊಳಗೆ ಮಂಜು ಕಟ್ಟಿತ್ತು. ಒಂದು ಬದಿಗೆ ನಾನು ಹಚ್ಚಿದ ಅಂಟು ಸಾಲದಾಗಿದೆ ಎಂದು ಅದರಿಂದ ಗೊತ್ತಾಯಿತು. ಮಳೆ ಹೊಳವಾದ ಮೇಲೆ ಮತ್ತೆ ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸದಾಗಿ ಹಚ್ಚಿದೆ. ಎರಡನೆಯ ಸಲಕ್ಕೆ ಎರಡೇ ಗಂಟೆ ಸಾಕಾಯಿತು, ಸ್ಕ್ರೂ ಇಡಲು ಹಾಳೆತಟ್ಟೆಯ ಗುರುತೂ ಬೇಕಾಗಲಿಲ್ಲ. ಅಪ್ಪಯ್ಯ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ, ಮೊದಲ ಸಲ ತೆಗೆದಿಟ್ಟಿದ್ದ ಒಡೆದ ಡಿಸ್‌ಪ್ಲೇಯನ್ನು ಡಬ್ಬಿಯಿಂದ ಎತ್ತಿ, 'ಇದನ್ನು ಎಲ್ಲಿ ಕೊಡೋದು ಮಾರಾಯ?' ಎಂದು ಕೇಳಿದರು. ಮಣ್ಣಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲಿನಿಂದ ಜಾರಿಯಲ್ಲಿದೆ, ತಯಾರಕರ ಮೇಲೆ ಹೊಣೆ ಹೊರಿಸಿದೆ. ನಮ್ಮೂರಿನ ದಾರಿಯಲ್ಲಿ ಅದನ್ನು ತೆಗೆದುಕೊಳ್ಳಲು ಯಾರೂ ಬಂದಿಲ್ಲ. ಡಬ್ಬಿ ಇನ್ನೂ ಜಗಲಿಯ ಕಿಟಕಿಯಲ್ಲಿದೆ.