ಎಲೆ ಗುಡಿಸೋರೂ, ಹಕ್ಕಿ ಹುಡುಕೋರೂ...

"ನಿಮ್ಮ ಕಡೆ ಏನಿದೆ ಮಾರಾಯಾ, ಕಬ್ಬು, ಬಿಸಿಲು ಬಿಟ್ರೆ? ಹಕ್ಕಿ ನೋಡೋಕೆ ದಾಂಡೇಲಿಗೆ ಬಾ." ಬೆಂಗಳೂರಿನ ಗೆಳೆಯನೊಬ್ಬ ವರ್ಷಕ್ಕೆ ಎರಡು ಸಲ ಫೋನ್ ಮಾಡಿ ಹೀಗೆ ಹೇಳ್ತಾನೆ. ನಾನೂ ಹೌದು ಹೌದು ಅಂತಿದ್ದೆ. ಹೋದ ಅಕ್ಟೋಬರಿನಿಂದ ಅನ್ನೋದು ಬಿಟ್ಟಿದ್ದೀನಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರಲ್ಲಿ ಒಂದೂರಿನ ಪಾರ್ಕು. ಯಾವೂರು ಅಂತ ಹೇಳಲ್ಲ. ನಾಲ್ಕೂ ಊರಿನವರಿಗೆ ಇದು ತಮ್ಮದೇ ಪಾರ್ಕು ಅನಿಸಿದರೆ ನನ್ನ ತಪ್ಪಲ್ಲ. ಅಲ್ಲಿ ಪಂಪ್‌ಹೌಸಿನ ಹಿಂದೆ ಎರಡು ಹಳೇ ಬೇವು, ಒಂದು ಹುಣಸೆ. ಕಸಬರಿಗೆ ಅಲ್ಲೀತನಕ ಹೋಗೋದಿಲ್ಲವಾದ್ದರಿಂದ ಎಲೆ ಬಿದ್ದು ಬಿದ್ದು ಗೇಣುದ್ದದ ಹಾಸಿಗೆ ಆಗಿತ್ತು. ಬೆಳಿಗ್ಗೆ ಆರೂಕಾಲು. ಎಲೆಯೊಳಗೆ ಚರಪರ ಸದ್ದು. ಓತಿಕ್ಯಾತ ಇರಬೇಕು ಅಂದುಕೊಂಡೆ. ಹೊರಗೆ ಬಂದದ್ದು ನವರಂಗ!

ನಿಜವಾಗ್ಲೂ ನವರಂಗ. ಹಸಿರು ಬೆನ್ನು, ಹೆಗಲ ಮೇಲೆ ಹೊಳೆಯೋ ನೀಲಿ, ಬಾಲದ ಕೆಳಗೆ ಕುಂಕುಮದಂಥ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಒಂದೆಲೆ ಮಗುಚಿತು, ಹುಳ ತಿಂತು, ಎರಡು ಸಲ ಕುಪ್ಪಳಿಸಿತು, ಇನ್ನೊಂದೆಲೆ ಮಗುಚಿತು. ಇಪ್ಪತ್ತು ನಿಮಿಷ ನಾನು ಉಸಿರು ಸರಿಯಾಗಿ ಬಿಟ್ಟಿದ್ದರೆ ಕೇಳಿ.

ಈ ಹಕ್ಕಿ ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯಭಾರತದ ಕಡೆ ಮರಿ ಮಾಡುತ್ತೆ. ಮಳೆ ಮುಗಿದ ಮೇಲೆ ತೆಂಕಣಕ್ಕೆ, ಶ್ರೀಲಂಕಾವರೆಗೂ ಹೊರಡುತ್ತೆ. ಹಾರೋದು ರಾತ್ರಿ. ಬೆಳಕು ಹರಿಯೋ ಹೊತ್ತಿಗೆ ಸುಸ್ತಾಗಿ ಎಲ್ಲಿ ನೆರಳು, ಎಲ್ಲಿ ಒದ್ದೆ ಎಲೆ ಕಾಣುತ್ತೋ ಅಲ್ಲಿ ಇಳಿಯುತ್ತೆ. ಬೆಳಿಗ್ಗೆ, ಸಂಜೆ ಲೆಕ್ಕ ಇಟ್ಟಂಗೆ ಕೂಗೋದರಿಂದ ತಮಿಳರು ಇದನ್ನ ಆರು ಗಂಟೆ ಹಕ್ಕಿ ಅಂತಾರೆ. ಈಗ ನಮ್ಮ ಸೀಮೆ ಮೇಲಿಂದ ನೋಡಿದರೆ ಅದಕ್ಕೇನು ಕಂಡೀತು? ಕೃಷ್ಣಾ, ಘಟಪ್ರಭಾ ದಂಡೆಗುಂಟ ಕಬ್ಬು, ಕಬ್ಬು, ಮತ್ತೂ ಕಬ್ಬು. ನಡುನಡುವೆ ನೆರಳು ಅಂದರೆ ಗುಡಿ ಆವರಣ, ಕಾಲೇಜು ಕಂಪೌಂಡು, ಜಮಖಂಡಿ ರಾಮತೀರ್ಥದಂಥ ಹಳೇ ಮರಗಳ ಜಾಗ, ಆಮೇಲೆ ಈ ಪಾರ್ಕುಗಳು. ಬೀಳಗಿ-ಮುಧೋಳದ ನಡುವೆ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಕ್ಕಂತ ಸುಮಾರು 96 ಚದರ ಕಿ.ಮೀ. ವನ್ಯಧಾಮ ಮಾಡಿದರು. ಬಹಳ ಒಳ್ಳೇ ಕೆಲಸ. ಆದರೆ ಅದು ಕುರುಚಲು ಗುಡ್ಡ, ಚಿಂಕಾರಕ್ಕೆ ಬೇಕಾದ ಜಾಗ. ಎಲೆ ಮಗುಚಿ ತಿನ್ನೋ ಹಕ್ಕಿಗೆ ಪಂಪ್‌ಹೌಸಿನ ಹಿತ್ತಲೇ ಗತಿ.

ಎಂಟು ದಿನ ಬಿಟ್ಟು ಹೋದೆ. ಹಿತ್ತಲು ನನ್ನ ಅಂಗೈಯಷ್ಟು ಬೋಳು! ಎಲೆ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಹುಣಸೆಯ ಕೆಳಗಿನ ಟೊಂಗೆ ಸವರಿದ್ದರು, ಮೇಲೊಂದು ಫ್ಲಡ್‌ಲೈಟು. ಅದಕ್ಕೆ 'ಅಭಿವೃದ್ಧಿ' ಅಂತ ಹೆಸರು.

ಅಲ್ಲಾ ಸ್ವಾಮಿ, ಎಲೆ ಕಸ ಅಂತ ಹೇಳಿದವರು ಯಾರು? ಬಯಲಲ್ಲಿ ಕಸ ಸುಡಬಾರದು ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಸಣ್ಣ ಸುಡುವಿಕೆಗೆ 5,000, ದೊಡ್ಡದಕ್ಕೆ 25,000 ರೂಪಾಯಿ ದಂಡ. ಕೇಳಿದರೆ "ಸೊಳ್ಳೆ ಆಗ್ತಾವ್ರಿ" ಅಂತಾರೆ. ಸೊಳ್ಳೆ ಮರಿ ಮಾಡೋದು ನಿಂತ ನೀರಲ್ಲಿ. ನೀವು ಹಾಗೇ ಬಿಟ್ಟಿರೋ ಪ್ಲಾಸ್ಟಿಕ್ ಕಪ್ಪಿನಲ್ಲಿ ಆಗ್ತಾವೆ, ಒಣ ಎಲೆಯಲ್ಲಲ್ಲ. "ಹಾವು ಬರ್ತಾವ್ರಿ" ಅಂದರೆ ಮಾತ್ರ ನಾನು ಸುಮ್ಮನಾಗ್ತೀನಿ, ಅದು ಸುಳ್ಳಲ್ಲ. ಜೋಕಾಲಿ ಹತ್ರ, ನಡೆಯೋ ದಾರಿಯಲ್ಲಿ ದಿನಾ ಗುಡಿಸಿ, ಯಾರು ಬೇಡ ಅಂದರು? ಯಾರೂ ಹೋಗದ ಒಂದು ಮೂಲೆ ಬಿಡೋಕೇನು ಕಷ್ಟ?

ಇನ್ನು ನಮ್ಮವರು, ಕ್ಯಾಮೆರಾದವರು. ಇವರ ಮೇಲೂ ನನಗೆ ಅಷ್ಟೇ ಸಿಟ್ಟು. ಫೋಟೋ ಒಬ್ಬನಿಗೆ ತೋರಿಸಿದ್ದೇ ತಪ್ಪಾಯ್ತು, ಮೂರನೇ ದಿನ ಐದು ಜನ, ಒಂದು ಬ್ಲೂಟೂತ್ ಸ್ಪೀಕರ್ರು. ಹಕ್ಕಿಯ ಕೂಗನ್ನೇ ಹಾಕಿ ಹಾಕಿ ಕರೆದರು. ರಾತ್ರಿಯಿಡೀ ಹಾರಿ ಬಂದು ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹಕ್ಕಿ, ಇಲ್ಲದ ಎದುರಾಳಿ ಜೊತೆ ಜಗಳಕ್ಕೆ ಓಡಾಡಬೇಕಾ? ಗೆದ್ದವರು ಲೈಕು ತಗೊಂಡರು. ಇದನ್ನ ಹಕ್ಕಿ ನೋಡೋದು ಅಂತ ಕರೀಬೇಡಿ. ನೋಡೋದಕ್ಕೆ ಏನೂ ಬೇಡ ಕಣ್ರೀ. ಬೆಳಕಿಗೆ ಮುಂಚೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ, ಎಲೆಯ ಸದ್ದು ಕೇಳಿ. ಹರಟೆಮಲ್ಲ ಬಂದರೆ ಗುಂಪಾಗಿ ಗದ್ದಲ ಹಾಕಿ ಎಲೆ ಕೆದರುತ್ತೆ. ನವರಂಗ ಒಂಟಿ, ಒಂದೊಂದೇ ಎಲೆ. ಒಂದು ವಾರ ಬರಿಗೈಲಿ ವಾಪಸ್ ಬರ್ತೀರಿ, ಬನ್ನಿ. ನಾನು ಎಷ್ಟು ಸಲ ಬಂದಿದ್ದೀನಿ ಅಂತ ಮನೆಯಾಕೆಯನ್ನ ಕೇಳಿ.

ಪಾರ್ಕು ಗುಡಿಸೋ ಅಮ್ಮನ ಹತ್ರ ಮಾತಾಡಿದೆ. "ನಂಗೇನ್ರಿ, ಬಿಡ್ ಅಂದ್ರ ಬಿಡ್ತೀನಿ. ಕೆಲಸನೂ ಕಡಿಮಿ. ಆದ್ರ ಸಾಹೇಬ್ರು ಫೋಟೋ ಕೇಳ್ತಾರ್ರೀ, ಗುಡಿಸಿದ್ದು" ಅಂದಳು. ನ್ಯಾಯವೇ. ಸಾಹೇಬರಿಗೇ ಅರ್ಜಿ ಕೊಟ್ಟು ಬಂದೆ: ಪಂಪ್‌ಹೌಸಿನ ಹಿಂದಿನ ಮೂವತ್ತು ಹೆಜ್ಜೆ ಜಾಗ ಅಕ್ಟೋಬರಿನಿಂದ ಮೇ ತನಕ ಗುಡಿಸಬೇಡಿ, ಸುಡಬೇಡಿ, ರಾತ್ರಿ ಆ ದೀಪ ಆರಿಸಿ. ಗುಮಾಸ್ತರು ಓದಿ, ನನ್ನ ಮುಖ ನೋಡಿ, ಮುದ್ರೆ ಒತ್ತಿ ಕೊಟ್ಟರು. ರಿಜಿಸ್ಟರಿನ 'ವಿಷಯ' ಅನ್ನೋ ಕಾಲಮ್ಮಿನಲ್ಲಿ ಬರೆದುಕೊಂಡದ್ದು: "ಉದ್ಯಾನದ ಸ್ವಚ್ಛತೆ ಬಗ್ಗೆ ಸಾರ್ವಜನಿಕರ ದೂರು."