ಹಳೆಯ ಕಾರ್ಡುಗಳೂ ಹೊಸ ಸರ್ವರೂ

ಸರ್ವರಿನ ಆಪರೇಟಿಂಗ್ ಸಿಸ್ಟಂ ಅನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ, ಅದುವರೆಗೆ ನಿರಾತಂಕವಾಗಿ ದುಡಿಯುತ್ತಿದ್ದ ಗ್ರಾಫಿಕ್ಸ್ ಕಾರ್ಡುಗಳು ಪರದೆಯ ಮೇಲೆ ಬರಿಯ ಕತ್ತಲೆಯನ್ನು ತೋರಿದರೆ, ಅವುಗಳ ಆಯುಷ್ಯ ಮುಗಿಯಿತೆಂದು ತೀರ್ಪು ಕೊಡುವವರು ಈ ಮುಂಬಯಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಆ ತೀರ್ಪನ್ನು ಒಪ್ಪುವುದಿಲ್ಲ. ಕಾರ್ಡು ಕೆಟ್ಟಿರುವುದು ಬೇರೆ, ಕಾರ್ಡಿನೊಡನೆ ಮಾತನಾಡಬಲ್ಲವರು ಇಲ್ಲದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸಿ ನಮ್ಮಂಥ ಬಡ ಶಾಲೆಗಳು ಹಣವನ್ನು ಕಳೆದುಕೊಳ್ಳುತ್ತಿವೆ ಎಂಬುದೇ ನಮ್ಮ ಆಕ್ಷೇಪ.

ನಮ್ಮ ಶಾಲೆಗೆ ಕಂಪ್ಯೂಟರುಗಳು ಬರುವ ದಾರಿ ನಿಮಗೆ ತಿಳಿದದ್ದೇ. ಯಾವುದೋ ಕಚೇರಿಯಲ್ಲಿ ದುಡಿದು ಬಿಡುಗಡೆ ಹೊಂದಿದವು ಕೆಲವು. ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಕೊಟ್ಟವು ಕೆಲವು. ಬಿಡಿಭಾಗಗಳನ್ನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದು ಸೇರಿಸಿದವು ಉಳಿದವು. ಒಂದೇ ಸರ್ವರಿಗೆ ಮೂರು ಗ್ರಾಫಿಕ್ಸ್ ಕಾರ್ಡುಗಳನ್ನು ಸಿಕ್ಕಿಸಿ, ಪ್ರತಿಯೊಂದಕ್ಕೂ ಒಂದು ಪರದೆ, ಒಂದು ಕೀಲಿಮಣೆ, ಒಂದು ಮೌಸ್ ಕೊಟ್ಟರೆ ಮೂವರು ಏಕಕಾಲಕ್ಕೆ ಕಲಿಯಬಹುದು. ಇದು ನಾವು ಕಂಡುಹಿಡಿದ ಉಪಾಯವೇನೂ ಅಲ್ಲ. ಬ್ರೆಜಿಲ್ ದೇಶದ ಪರಾನಾ ರಾಜ್ಯದವರು ಈ ಶತಮಾನದ ಮೊದಲ ದಶಕದಲ್ಲಿಯೇ ಒಂದು ಯಂತ್ರಕ್ಕೆ ನಾಲ್ವರಂತೆ ಕೂರಿಸಿ ತಮ್ಮ ಸರಕಾರಿ ಶಾಲೆಗಳಲ್ಲಿ ಇದನ್ನು ನಡೆಸಿ ತೋರಿಸಿದರು. ಹೀಗಿರುವಲ್ಲಿ ಒಂದು ಕಾರ್ಡು ಕುರುಡಾಯಿತೆಂದರೆ ಒಬ್ಬ ವಿದ್ಯಾರ್ಥಿಯ ಸ್ಥಾನವೇ ಹೋಯಿತೆಂದು ಅರ್ಥ.

ಕಾರ್ಡಿಗೂ ಆಪರೇಟಿಂಗ್ ಸಿಸ್ಟಮಿಗೂ ನಡುವೆ ನಿಂತು ಮಾತು ನಡೆಸುವ ಕಾರ್ಯಕ್ರಮಕ್ಕೆ ಡ್ರೈವರು ಎಂದು ಹೆಸರು. ಡ್ರೈವರು ಎಂದರೆ ಸಾರಥಿ. ಈ ನಗರದಲ್ಲಿ ಯಕ್ಷಗಾನದ ಕರ್ಣಪರ್ವವನ್ನು ನೋಡದ ಕನ್ನಡಿಗರು ವಿರಳ. ರಥವೂ ಗಟ್ಟಿಯಾಗಿಯೇ ಇತ್ತು, ರಥಿಕನೂ ಶೂರನೇ ಆಗಿದ್ದ. ಶಲ್ಯನು ನಡುಯುದ್ಧದಲ್ಲಿ ಇಳಿದು ನಡೆದದ್ದರಿಂದ ಕೆಲಸ ಕೆಟ್ಟಿತು. ನಮ್ಮ ಹಳೆಯ ಕಾರ್ಡುಗಳ ಕಥೆಯೂ ಇದೇ.

ಸಾರಥಿ ಇಳಿಯುವುದೇಕೆ? ಲಿನಕ್ಸ್ ವ್ಯವಸ್ಥೆಯ ಹೃದಯಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಅದನ್ನು ಬರೆಯುವವರು ಹೊರಗಿನ ಕಾರ್ಯಕ್ರಮಗಳಿಗೆ ಒಂದು ವಾಗ್ದಾನ ಮಾಡಿದ್ದಾರೆ: ಹಿಂದೆ ನಡೆಯುತ್ತಿದ್ದುದು ಮುಂದೆಯೂ ನಡೆಯುವುದು. ಆದರೆ ಕರ್ನೆಲಿನ ಒಳಗಿನ ಏರ್ಪಾಡುಗಳ ಬಗೆಗೆ ಅವರು ಅಂಥ ಮಾತು ಕೊಟ್ಟಿಲ್ಲ. ಕೊಡುವುದೂ ಇಲ್ಲವೆಂದು ಬರೆದೇ ಇಟ್ಟಿದ್ದಾರೆ. ಒಳಗಿನ ಒಂದು ಏರ್ಪಾಡನ್ನು ಬದಲಿಸಿದವರು ಕರ್ನೆಲಿನೊಂದಿಗೇ ಇರುವ ಡ್ರೈವರುಗಳನ್ನೆಲ್ಲ ಅದಕ್ಕೆ ತಕ್ಕಂತೆ ತಾವೇ ತಿದ್ದುತ್ತಾರೆ. ಮನೆಯ ಹೊರಗೆ ನಿಂತ ಡ್ರೈವರನ್ನು ಅದರ ಒಡೆಯನೇ ತಿದ್ದಿಕೊಳ್ಳಬೇಕು. ಎನ್‌ವಿಡಿಯಾ ಕಂಪನಿಯ ಹಳೆಯ ಡ್ರೈವರುಗಳು ಹೊರಗೆ ನಿಂತವು, ಮೇಲಾಗಿ ಮುಚ್ಚಿದ ಪೆಟ್ಟಿಗೆಗಳು. ಕಂಪನಿಯು ಕೈಬಿಟ್ಟ ದಿನ ಅವುಗಳನ್ನು ಸಂಪೂರ್ಣವಾಗಿ ರಿಪೇರಿ ಮಾಡುವ ಅಧಿಕಾರ ಜಗತ್ತಿನಲ್ಲಿ ಯಾರಿಗೂ ಇಲ್ಲ. ತಪ್ಪು ಕರ್ನೆಲಿನವರದೆಂದು ದೂರುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಮನೆಯೊಳಗೆ ಬಂದವರನ್ನು ಅವರು ಕಾಪಾಡಿಯೇ ಇದ್ದಾರೆ.

ಕಂಪನಿಯು ತನ್ನ ಕಾರ್ಡುಗಳ ಪೀಳಿಗೆಗಳಿಗೆ ಇಟ್ಟ ಹೆಸರುಗಳು ನಿಮ್ಮ ವಿಜ್ಞಾನದ ಪಾಠದಲ್ಲಿ ಬರುವವುಗಳೇ: ಟೆಸ್ಲಾ, ಫರ್ಮಿ, ಕೆಪ್ಲರ್, ಮ್ಯಾಕ್ಸ್‌ವೆಲ್, ಪಾಸ್ಕಲ್. ಟೆಸ್ಲಾ ಪೀಳಿಗೆಗೆ, ಎಂದರೆ 8400 ಜಿಎಸ್, 210 ಮೊದಲಾದ ಕಾರ್ಡುಗಳಿಗೆ, 340ನೆಯ ಸಾಲಿನ ಕೊನೆಯ ಡ್ರೈವರು 2019ರ ಡಿಸೆಂಬರಿನಲ್ಲಿ ಬಂದಿತು, ಅಲ್ಲಿಗೆ ಮುಗಿಯಿತು. ಫರ್ಮಿಯ 390ನೆಯ ಸಾಲು 2022ರಲ್ಲಿ ನಿಂತಿತು. ಕೆಪ್ಲರ್ ಪೀಳಿಗೆಯ 470ನೆಯ ಸಾಲಿಗೆ 2024ರಲ್ಲಿ ವಿರಾಮ ಬಿದ್ದಿತು. ಸಣ್ಣ ಅಂಗಡಿಗಳಲ್ಲಿ ಬಹುಕಾಲ ಮಾರಾಟವಾದ ಜಿಟಿ 710 ಈ ಗುಂಪಿನದು. ಮ್ಯಾಕ್ಸ್‌ವೆಲ್ ಮತ್ತು ಪಾಸ್ಕಲ್ ಕಾರ್ಡುಗಳಿಗೆ 580ನೆಯ ಸಾಲೇ ಕಡೆಯದೆಂದು 2025ರಲ್ಲಿ ಕಂಪನಿ ಸಾರಿತು. 2022ರ ಮೇ ತಿಂಗಳಲ್ಲಿ ಕಂಪನಿಯು ತನ್ನ ಕರ್ನೆಲ್ ಭಾಗವನ್ನು ತೆರೆದು ಪ್ರಕಟಿಸಿದ್ದುಂಟು. ಆದರೆ ಅದು ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ. ಹಿರಿಯರಿಗೆ ಪಾಲು ಸಿಗಲಿಲ್ಲ.

ಹಾಗಾದರೆ ಸರ್ವರನ್ನು ಬದಲಿಸದೆ ಹಳೆಯದರಲ್ಲಿಯೇ ಇರಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇರಬಾರದು. ಅನೇಕ ಸಂಸ್ಥೆಗಳಲ್ಲಿದ್ದ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರ ತರುವಾಯ ಭದ್ರತೆಯ ತಿದ್ದುಪಡಿಗಳು ನಿಂತುಹೋದವು. ಮಕ್ಕಳ ಹೆಸರು, ವಿಳಾಸ, ಅಂಕಪಟ್ಟಿಗಳನ್ನು ಹೊತ್ತ ಯಂತ್ರವೊಂದು ಬೀಗವಿಲ್ಲದ ಬಾಗಿಲಿನಂತೆ ಅಂತರಜಾಲಕ್ಕೆ ತೆರೆದಿರುವುದು ಕಾರ್ಡು ಉಳಿಸುವ ದಾರಿಯಲ್ಲ. ಅದೇ ಬಳಗದ 9ನೆಯ ಆವೃತ್ತಿಗೆ, ಆಲ್ಮಾಲಿನಕ್ಸ್ ಆಗಲಿ ರಾಕಿ ಲಿನಕ್ಸ್ ಆಗಲಿ, 2032ರವರೆಗೆ ತಿದ್ದುಪಡಿಗಳು ದೊರೆಯುತ್ತವೆ. ಅಲ್ಲಿಗೆ ಹೋಗಲೇಬೇಕು. ಕಾರ್ಡುಗಳನ್ನು ಕರೆದುಕೊಂಡು ಹೋಗುವುದು ಹೇಗೆಂಬುದಷ್ಟೇ ಪ್ರಶ್ನೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಹೊಸ ಆವೃತ್ತಿಗೆ ಏರಿಸಿದ ಮೇಲೆ ಪರದೆ ಕಪ್ಪಾದಾಗ, ಸರ್ವರೇ ಸತ್ತಿತೆಂದು ಜನ ಗಾಬರಿಯಾಗುತ್ತಾರೆ. ಬಹುಮಟ್ಟಿಗೆ ಅದು ಸತ್ತಿರುವುದಿಲ್ಲ. ಮುಖ ಮಾತ್ರ ಕಾಣುತ್ತಿರುವುದಿಲ್ಲ. ಪಕ್ಕದ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ನೋಡಿದರೆ ಕಡತಗಳೂ ಕೆಲಸಗಳೂ ಯಥಾಸ್ಥಿತಿಯಲ್ಲಿರುತ್ತವೆ. ಕಪ್ಪು ಪರದೆಗೆ ಕಾರಣ ಹೀಗೆ. ಮುಚ್ಚಿದ ಡ್ರೈವರನ್ನು ಹಿಂದೆ ಸ್ಥಾಪಿಸುವಾಗ ಅದು ತನಗೆ ಪ್ರತಿಸ್ಪರ್ಧಿಯಾದ ತೆರೆದ ಡ್ರೈವರು ಎಚ್ಚರಗೊಳ್ಳದಂತೆ ಒಂದು ನಿಷೇಧವನ್ನು ಬರೆಸಿರುತ್ತದೆ. ಆ ತೆರೆದ ಡ್ರೈವರಿನ ಹೆಸರು ನುವೋ. ಹಳೆಯದರ ಮೇಲೆಯೇ ಮೆಟ್ಟಿಲು ಮೆಟ್ಟಿಲಾಗಿ ಆವೃತ್ತಿಯನ್ನು ಏರಿಸಿದಾಗ ಮುಚ್ಚಿದ ಡ್ರೈವರು ಹೊಸ ಕರ್ನೆಲಿಗೆ ಹೊಂದದೆ ಬಿದ್ದುಹೋಗುತ್ತದೆ. ಆದರೆ ಅದು ಬರೆಸಿದ ನಿಷೇಧ ಉಳಿದಿರುತ್ತದೆ. ಒಬ್ಬ ಸಾರಥಿ ಇಳಿದು ಹೋದ, ಇನ್ನೊಬ್ಬನಿಗೆ ರಥ ಏರುವ ಅಪ್ಪಣೆಯಿಲ್ಲ!

ಪರಿಹಾರವೂ ಅಲ್ಲಿಯೇ ಇದೆ. ಆವೃತ್ತಿಯನ್ನು ಏರಿಸುವ ಮೊದಲೇ ಮುಚ್ಚಿದ ಡ್ರೈವರನ್ನು ಕ್ರಮವಾಗಿ ತೆಗೆದುಹಾಕತಕ್ಕದ್ದು. ಈಗಾಗಲೇ ಏರಿಸಿಯಾಗಿದ್ದರೆ, ನಿಷೇಧವು ಇರುವ ಎರಡು ಎಡೆಗಳನ್ನು ಹುಡುಕಬೇಕು: ಮೋಡ್‌ಪ್ರೋಬ್ ಕಡತಗಳಲ್ಲಿ ಒಂದು, ಯಂತ್ರ ಏಳುವಾಗ ಗ್ರಬ್ ಓದುವ ಸಾಲಿನಲ್ಲಿ ಇನ್ನೊಂದು. ಎರಡನ್ನೂ ಅಳಿಸಿ, ಡ್ರಾಕಟ್ ಎಂಬ ಸಾಧನದಿಂದ ಆರಂಭದ ಕಡತವನ್ನು ಮತ್ತೆ ಕಟ್ಟಿಸಿ, ಯಂತ್ರವನ್ನು ಎಬ್ಬಿಸಬೇಕು. ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಎಸ್‌ಎಸ್‌ಎಚ್ ಇಲ್ಲದ ಕಡೆ, ಗ್ರಬ್ಬಿನ ಸಾಲಿನ ತುದಿಯಲ್ಲಿ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಿದರೆ ಮಂದವಾದ ಚಿತ್ರವಾದರೂ ಮೂಡಿ, ಒಳಗೆ ಹೋಗಲು ಕಿಟಕಿಯೊಂದು ದೊರೆಯುತ್ತದೆ. ಆ ಪದವನ್ನು ಅಲ್ಲಿಯೇ ಬಿಡಬಾರದು. ಬಿಟ್ಟರೆ ನುವೋಗೂ ಅದು ಅಡ್ಡಿಯೇ.

ನುವೋ ಎಂದರೆ ಫ್ರೆಂಚ್ ಭಾಷೆಯಲ್ಲಿ ಹೊಸದು. ಹಳೆಯ ಕಾರ್ಡುಗಳಿಗೆ ಆಶ್ರಯವಾದುದರ ಹೆಸರು ಹೀಗಿರುವುದು ತಮಾಷೆಯೇ ಸರಿ. ಕಂಪನಿಯು ತನ್ನ ಕಾರ್ಡುಗಳ ಒಳಗುಟ್ಟನ್ನು ಹೇಳದಿದ್ದಾಗ, ಕೆಲವು ದೇಶಗಳ ಉತ್ಸಾಹಿಗಳು ಮುಚ್ಚಿದ ಡ್ರೈವರು ಕಾರ್ಡಿನ ಯಾವ ರಿಜಿಸ್ಟರಿನಲ್ಲಿ ಏನನ್ನು ಬರೆಯುತ್ತದೆಂಬುದನ್ನು ಹೊರಗಿನಿಂದ ಗಮನಿಸಿ, ಟಿಪ್ಪಣಿ ಮಾಡಿ, ಅದರಿಂದ ಭಾಷೆಯನ್ನು ಊಹಿಸಿ, ತಮ್ಮದೇ ಡ್ರೈವರನ್ನು ಬರೆದರು. ಅರಿಯದ ಲಿಪಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಓದಿದವರ ಕೆಲಸಕ್ಕೆ ಇದೇನೂ ಕಡಿಮೆಯಲ್ಲ. 2010ರ ಫೆಬ್ರವರಿಯಲ್ಲಿ ಬಂದ 2.6.33ನೆಯ ಕರ್ನೆಲಿನಲ್ಲಿ ಅದು ಮನೆಯೊಳಗೆ ಸೇರಿತು. ಟೆಸ್ಲಾ ಕಾರ್ಡೊಂದು, ಕೆಪ್ಲರ್ ಕಾರ್ಡೊಂದು ಒಂದೇ ಸರ್ವರಿನಲ್ಲಿದ್ದರೆ ಹೊಸ ಕರ್ನೆಲಿನ ಮೇಲೆ ಎರಡನ್ನೂ ಒಟ್ಟಿಗೆ ನಡೆಸುವ ಕಂಪನಿಯ ಡ್ರೈವರು ಇಂದು ಇಲ್ಲ; ನುವೋ ನಡೆಸುತ್ತದೆ.

ಅದರ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಬಹುಪಾಲು ಹಳೆಯ ಕಾರ್ಡುಗಳನ್ನು ಅದು ಅವುಗಳ ಪೂರ್ಣ ವೇಗಕ್ಕೆ ತಾನಾಗಿ ಏರಿಸಲಾರದು. ಕೂಡಾ ಎಂಬ ಏರ್ಪಾಡಿನಿಂದ ಕಾರ್ಡಿನ ಮೇಲೆಯೇ ಲೆಕ್ಕ ಮಾಡಿಸುವವರಿಗೆ ಅದು ಉಪಯೋಗಕ್ಕೆ ಬಾರದು. ಅಂಥವರು 2029ರವರೆಗೆ ತಿದ್ದುಪಡಿ ದೊರೆಯುವ 8ನೆಯ ಆವೃತ್ತಿಯಲ್ಲಿ ನಿಂತು, ಎಲ್‌ರೆಪೋ ಎಂಬ ಸ್ವಯಂಸೇವಕರ ಭಂಡಾರದಂಥ ಕಡೆಗಳಲ್ಲಿ ತಮ್ಮ ಕಾರ್ಡಿಗೆ ಹೊಂದುವ ಹಳೆಯ ಡ್ರೈವರು ಇದೆಯೇ ಎಂದು ನೋಡಬೇಕು. ಆಗಲೂ ಡ್ರೈವರಿನೊಳಗಿನ ದೋಷಗಳನ್ನು ತಿದ್ದುವವರಿಲ್ಲ ಎಂಬುದನ್ನು ನೆನಪಿಡಬೇಕು. ಆದರೆ ನಮ್ಮ ಕೋಣೆಯಲ್ಲಿ ನೀವು ಮಾಡುವುದೇನು? ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುತ್ತೀರಿ, ಲಿಬ್ರೆಆಫೀಸಿನಲ್ಲಿ ಪ್ರಬಂಧ ಸಿದ್ಧಪಡಿಸುತ್ತೀರಿ, ಜಿಯೋಜೀಬ್ರಾದಲ್ಲಿ ವೃತ್ತ ಎಳೆಯುತ್ತೀರಿ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ತಂತ್ರಾಂಶವು ಮುಖ್ಯ ಸಂಸ್ಕಾರಕದಲ್ಲಿಯೇ ಮಾಡುತ್ತದೆ. ‘ಸ್ತ್ರೀ’ ಎಂದು ಬರೆಯಲು ದುಬಾರಿ ಕಾರ್ಡು ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಹೇಳಿದ ಮಾರಾಟಗಾರರೊಬ್ಬರು ಹಿಂದೊಮ್ಮೆ ನಮ್ಮಲ್ಲಿಗೂ ಬಂದಿದ್ದರು. ಕಾರ್ಡುಗಳನ್ನು ಮುಟ್ಟಿಯೂ ನೋಡದೆ ಇಡೀ ಕೋಣೆಗೆ ಹೊಸ ಯಂತ್ರಗಳ ಅಂದಾಜುಪಟ್ಟಿಯನ್ನು ಮೇಜಿನ ಮೇಲಿಟ್ಟರು.

ಹಳೆಯ ಕಾರ್ಡು ವಿದ್ಯುತ್ತನ್ನು ತಿನ್ನುತ್ತದೆ ಎಂಬ ವಾದವೊಂದುಂಟು. ಇದರಲ್ಲಿ ಸತ್ಯಾಂಶವಿದೆ. 2010ರ ಜಿಟಿಎಕ್ಸ್ 480 ಪೂರ್ಣವಾಗಿ ದುಡಿಯುವಾಗ 250 ವ್ಯಾಟ್ ಬಯಸುವಂಥದು. ಅದನ್ನು ಯಾರಾದರೂ ದಾನ ಕೊಟ್ಟರೂ ನಾವು ಕೈಮುಗಿದು ಹಿಂದಿರುಗಿಸುವೆವು. ಆದರೆ ಜಿಟಿ 710ಕ್ಕೆ ಸಾಕಾಗುವುದು 19 ವ್ಯಾಟ್. ಎಲ್ಲ ಹಳೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇತ್ತ ಕಸದ ಲೆಕ್ಕವನ್ನೂ ನೋಡಬೇಕು. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದುದು ಶೇಕಡಾ 22.3 ಮಾತ್ರ.

ಮುಂದಿನ ಅಡ್ಡಿಗಳೂ ಕಾಣುತ್ತಿವೆ. 2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಹಳೆಯ ಎಕ್ಸ್ ಸರ್ವರನ್ನು ಕೈಬಿಟ್ಟಿತು, ಹಳೆಯ ಸಂಸ್ಕಾರಕಗಳನ್ನೂ ಕೈಬಿಟ್ಟಿತು. ಆದರೆ ಅದರ ಬಳಗದ್ದೇ ಆದ ಆಲ್ಮಾಲಿನಕ್ಸ್ 10ರವರು ಹಳೆಯ ಸಂಸ್ಕಾರಕಗಳಿಗಾಗಿ ಬೇರೆಯೊಂದು ಪ್ರತಿಯನ್ನು ಕಟ್ಟಿ ಕೊಟ್ಟಿದ್ದಾರೆ. ಯಂತ್ರವನ್ನು ಹಳತೆಂದು ಸಾರುವುದು ಪ್ರಕೃತಿಯ ನಿಯಮವಲ್ಲ, ಕೆಲವರ ನಿರ್ಧಾರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 2002ರ ರೇಡಿಯಾನ್ 9700 ಕಾರ್ಡಿನ ತೆರೆದ ಡ್ರೈವರು ಇಂದಿಗೂ ಉಳಿದುಕೊಂಡು ಬಂದಿದೆ. ಅದರ ಸಮಕಾಲೀನವಾದ ಮುಚ್ಚಿದ ಡ್ರೈವರುಗಳು ಹೊಸ ಕರ್ನೆಲುಗಳ ಬಾಗಿಲಲ್ಲಿ ನಿಂತುಬಿಟ್ಟವು.

ಆದುದರಿಂದ ಶಾಲೆಯ ಆಡಳಿತ ಮಂಡಲಿಯವರಲ್ಲಿ ನಮ್ಮದೊಂದು ಬಿನ್ನಹ. ಇನ್ನು ಮುಂದೆ ಕೊಳ್ಳುವ, ದಾನವಾಗಿ ಪಡೆಯುವ ಪ್ರತಿಯೊಂದು ಕಾರ್ಡಿಗೂ ಕರ್ನೆಲಿನೊಳಗೇ ತೆರೆದ ಡ್ರೈವರು ಇದೆಯೇ ಎಂಬ ಒಂದು ಪ್ರಶ್ನೆಯನ್ನು ಖರೀದಿಯ ನಮೂನೆಯಲ್ಲಿ ಸೇರಿಸಬೇಕು. ಕಂಪ್ಯೂಟರ್ ಕೋಣೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು: ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ಕೊಟ್ಟರೆ ಸರ್ವರು ತನ್ನಲ್ಲಿರುವ ಕಾರ್ಡುಗಳ ಹೆಸರನ್ನೂ ಸಂಖ್ಯೆಯನ್ನೂ ತಾನೇ ಹೇಳುತ್ತದೆ. ಅವುಗಳನ್ನು ಯಾವ ಪರದೆಗೆ ಯಾವ ಕಾರ್ಡು ಎಂಬ ವಿವರದೊಡನೆ ಒಂದು ನೋಟುಪುಸ್ತಕದಲ್ಲಿ ಬರೆದು ಸರ್ವರಿನ ಪಕ್ಕದಲ್ಲಿಯೇ ತೂಗುಹಾಕಿರಿ. ಹತ್ತನೆಯ ತರಗತಿಯವರು ಮಾರ್ಚಿನಲ್ಲಿ ಹೊರಡುವ ಮೊದಲು ಒಂಬತ್ತನೆಯವರಿಗೆ ಅದನ್ನು ಓದಿ ಹೇಳಲಿ.